ಕಾಗದಪತ್ರ ಜೋಡಿಸುವ ಕೆಲಸ ಮನೆಯಲ್ಲೇ ಆಗಲಿ



ಈ ಸಂಚಿಕೆಯಲ್ಲಿ ಕಾಳುಮೆಣಸು ಒಣಗಿಸುವ ಕ್ರಮದ ಬಗ್ಗೆ ಬರೆಯುವುದಾಗಿ ಮಾತು ಕೊಟ್ಟಿದ್ದೆ. ಅದನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು, ಮೇಲ್ನೋಟಕ್ಕೆ ತೋಟಕ್ಕೂ ನಮಗೂ ಸಂಬಂಧವೇ ಇಲ್ಲವೆಂದು ತೋರುವ ಒಂದು ವಿಷಯವನ್ನು ಇಂದು ತಮ್ಮ ಮುಂದಿಡುತ್ತಿದ್ದೇನೆ. ಇದಕ್ಕೆ ಕಾರಣ ನನ್ನ ಕೈಯಿಂದಲೇ ಆದ ಒಂದು ತಪ್ಪು. ಆಡಳಿತ ಮಂಡಳಿಯ ಸಭೆಯಲ್ಲಿ ಅದನ್ನು ಒಪ್ಪಿಕೊಂಡಾಗಿದೆ. ತಮ್ಮ ಮುಂದೆಯೂ ಒಪ್ಪಿಕೊಳ್ಳುವುದು ನ್ಯಾಯ.

ಕಳೆದ ಸಾಲಿನ ಬೆಳೆಸಾಲ ನವೀಕರಣದ ಸಮಯ. ಹಿಂದೆಲ್ಲ ಪಹಣಿ, ಋಣಭಾರ ಪತ್ರ, ಜಾಮೀನುದಾರರ ಒಪ್ಪಿಗೆ ಇವುಗಳನ್ನು ಟ್ಯಾಗ್ ದಾರದಲ್ಲಿ ಪೋಣಿಸಿ, ರಟ್ಟು ಹಾಕಿ, ಬಸ್ಸಿನಲ್ಲಿ ಕಳಿಸುತ್ತಿದ್ದೆವು. ಈಗ ಹಾಗಲ್ಲ. ಪ್ರತಿಯೊಬ್ಬ ಸದಸ್ಯರ ಎಲ್ಲಾ ಕಾಗದಗಳೂ ಒಂದೇ ಪಿಡಿಎಫ್ ಕಡತವಾಗಿರಬೇಕು, ಅದು 2 ಎಂಬಿ ಮೀರಬಾರದು, ಮೀರಿದರೆ ಆ ಕಿಂಡಿ ಅದನ್ನು ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ. ನನ್ನ ಮೇಜಿನ ಮೇಲೆ 37 ಮಂದಿಯ ಕಾಗದ. ಒಬ್ಬೊಬ್ಬರದ್ದು ಆರು ಏಳು ಬಿಡಿ ಕಡತ. ಕೊನೆಯ ದಿನ ಮಾರನೇ ದಿವಸ. ಸಾಲದ್ದಕ್ಕೆ ಮಧ್ಯಾಹ್ನ ಗುಡುಗು, ಕರೆಂಟು ಯಾವ ಗಳಿಗೆಯಲ್ಲಿ ಹೋಗುವುದೋ ಎಂಬ ಆತಂಕ.

ಅಂತರ್ಜಾಲದಲ್ಲಿ ಹುಡುಕಿದೆ. ಮೊದಲಿಗೆ ಬಂದ ತಾಣವನ್ನೇ ತೆರೆದೆ. ‘ನಿಮ್ಮ ಕಡತಗಳನ್ನು ಇಲ್ಲಿ ಹಾಕಿ, ಉಚಿತವಾಗಿ ಜೋಡಿಸಿಕೊಡುತ್ತೇವೆ’ ಎಂದಿತ್ತು. ಹಾಕಿದೆ. ಒಂದು ನಿಮಿಷದಲ್ಲಿ ಒಬ್ಬರದ್ದು ಮುಗಿಯಿತು. ಸಂಜೆ ಏಳರೊಳಗೆ 37 ಮಂದಿಯದ್ದೂ ಮುಗಿದು, ಇಷ್ಟು ಸುಲಭದ ಕೆಲಸಕ್ಕೆ ಇಷ್ಟು ಹೆದರಿದ್ದೆನಲ್ಲ ಎಂದುಕೊಂಡು ಮನೆಗೆ ಹೋದೆ.

ಮೂರು ವಾರದ ನಂತರ ನಮ್ಮ ಹಿರಿಯ ಸದಸ್ಯರೊಬ್ಬರಿಗೆ ದೂರವಾಣಿ ಕರೆ ಬಂತು. ಕರೆ ಮಾಡಿದವನು ಸೊಗಸಾದ ಕನ್ನಡದಲ್ಲಿ ಅವರ ಹೆಸರು, ತಂದೆಯ ಹೆಸರು, ಸರ್ವೆ ನಂಬರು, ಬಾಕಿ ಇರುವ ಸಾಲದ ಮೊತ್ತ, ಪಾಸ್‌ಬುಕ್ಕಿನ ಕೊನೆಯ ನಾಲ್ಕು ಅಂಕಿ ಎಲ್ಲವನ್ನೂ ಹೇಳಿ, ಬಡ್ಡಿ ಮನ್ನಾ ಜಮೆ ಮಾಡಲು ಈಗ ಬರುವ ಓಟಿಪಿಯನ್ನು ಓದಿ ಹೇಳಿ ಎಂದನಂತೆ. ಇಷ್ಟೆಲ್ಲ ಸರಿಯಾಗಿ ಹೇಳುವವನು ಬ್ಯಾಂಕಿನವನಲ್ಲದೆ ಇನ್ಯಾರು ಎಂದು ಅವರು ಕನ್ನಡಕ ಹುಡುಕತೊಡಗಿದ್ದರು. ಪುಣ್ಯಕ್ಕೆ ಸೊಸೆ ಅಂಗಳದಿಂದ ಓಡಿಬಂದು ಫೋನು ಕಸಿದುಕೊಂಡರು. ಹಣ ಉಳಿಯಿತು. ಆದರೆ ಅವರು ಮರುದಿನ ಕಚೇರಿಗೆ ಬಂದು, ‘ಇಷ್ಟು ವಿವರ ಒಟ್ಟಿಗೆ ಇರುವುದು ನಿಮ್ಮ ಹತ್ತಿರ ಮಾತ್ರ ಅಲ್ಲವೇ ಸೆಕ್ರೆಟರಿಗಳೇ?’ ಎಂದು ಮೆಲ್ಲಗೆ ಕೇಳಿದಾಗ ನನಗೆ ನಿಂತ ನೆಲ ಕುಸಿದಂತಾಯಿತು.

ಆ ವಿವರ ಆ ತಾಣದಿಂದಲೇ ಹೊರಬಿತ್ತೆಂದು ನಾನು ಹೇಳಲಾರೆ. ಅವರು ಅದೇ ಕಾಗದಗಳನ್ನು ಬೇರೆ ಎರಡು ಮೂರು ಕಡೆಗೂ ಕೊಟ್ಟಿದ್ದರು. ಎಲ್ಲಿ ಸೋರಿತೆಂದು ಪತ್ತೆ ಮಾಡುವ ದಾರಿ ಇಲ್ಲ. ಆದರೆ ಅಲ್ಲಿಂದಲ್ಲ ಎಂದು ಎದೆ ಮುಟ್ಟಿಕೊಂಡು ಹೇಳುವುದೂ ನನ್ನಿಂದಾಗಲಿಲ್ಲ. ಸಂಘದ ಕಬ್ಬಿಣದ ಕಪಾಟಿನ ಬೀಗದ ಕೈ ಹಲವು ವರ್ಷಗಳಿಂದ ನನ್ನ ಬಳಿ ಇದೆ. ಅಧ್ಯಕ್ಷರೇ ಬಂದು ಕೇಳಿದರೂ ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಳ್ಳದೆ ಒಂದು ಫೈಲನ್ನು ಹೊರಗೆ ಕೊಟ್ಟವನಲ್ಲ. ಅಂಥವನು ಒಂದು ಸಂಜೆ 37 ಮನೆಗಳ ಜಮೀನಿನ ಜಾತಕವನ್ನೆಲ್ಲ ಹೆಸರು ಊರು ಗೊತ್ತಿಲ್ಲದವನ ಜಗಲಿಯ ಮೇಲೆ ಹರಡಿ ಬಂದಿದ್ದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಮಾತು ನೆನಪಾಗಿ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಆಮೇಲೆ ಈ ವಿಷಯವನ್ನು ಓದಿ, ಕೇಳಿ, ಮಾಡಿ ನೋಡಿ ಕಲಿತೆ. ನಾನು ಬಿ.ಎಸ್ಸಿ. ಓದುವಾಗ ಕಾಲೇಜಿನಲ್ಲಿ ಒಂದೇ ಕಂಪ್ಯೂಟರು, ಅದರ ಕೋಣೆಗೆ ಚಪ್ಪಲಿ ಕಳಚಿ ಹೋಗಬೇಕಿತ್ತು. ಆ ಭಯಭಕ್ತಿ ನಮ್ಮ ಪ್ರಾಯದವರಲ್ಲಿ ಇನ್ನೂ ಪೂರ್ತಿ ಹೋಗಿಲ್ಲ. ಆದ್ದರಿಂದ ಸ್ವಲ್ಪ ಬುಡದಿಂದಲೇ ಹೇಳುತ್ತೇನೆ.

ಪಿಡಿಎಫ್ ಎಂಬುದು ಅಮೆರಿಕದ ಅಡೋಬಿ ಕಂಪನಿಯ ಸ್ಥಾಪಕರಲ್ಲೊಬ್ಬರಾದ ಜಾನ್ ವಾರ್ನಾಕ್ ಅವರು 1991ರಲ್ಲಿ ಯೋಚಿಸಿ, 1993ರಲ್ಲಿ ಕಂಪನಿ ಹೊರತಂದ ಕಡತದ ಮಾದರಿ. ಯಾವ ಯಂತ್ರದಲ್ಲಿ ತೆರೆದರೂ, ಯಾವ ಪ್ರಿಂಟರಿನಲ್ಲಿ ತೆಗೆದರೂ ಪುಟ ಇದ್ದ ಹಾಗೇ ಕಾಣಬೇಕು ಎಂಬುದು ಅದರ ಉದ್ದೇಶ. 2008ರಿಂದ ಅದು ಒಂದು ಕಂಪನಿಯ ಸೊತ್ತಾಗಿ ಉಳಿಯದೆ ಅಂತರರಾಷ್ಟ್ರೀಯ ಮಾನಕವಾಗಿದೆ. ಎಂದರೆ ಯಾರು ಬೇಕಾದರೂ ಅದನ್ನು ಓದುವ, ಬರೆಯುವ, ಜೋಡಿಸುವ ತಂತ್ರಾಂಶ ತಯಾರಿಸಬಹುದು. ನಮಗೆ ಉಚಿತವಾಗಿ ಒಳ್ಳೆಯ ಸಲಕರಣೆ ದೊರೆಯುವುದು ಈ ಕಾರಣದಿಂದಲೇ.

ಎರಡು ಕಾಗದವನ್ನು ಗುಂಡುಸೂಜಿಯಲ್ಲಿ ಚುಚ್ಚಿದಂತೆ ಎರಡು ಪಿಡಿಎಫ್‌ಗಳನ್ನು ಒಂದರ ಬಾಲಕ್ಕೆ ಒಂದು ಅಂಟಿಸಿದರೆ ಆಗುವುದಿಲ್ಲವೇ ಎಂದು ನಾನೂ ಕೇಳಿದ್ದೆ. ಆಗುವುದಿಲ್ಲ. ಪಿಡಿಎಫ್ ಒಳಗೆ ಪ್ರತಿ ಪುಟ, ಪ್ರತಿ ಚಿತ್ರ, ಪ್ರತಿ ಅಕ್ಷರಶೈಲಿಗೂ ನಾವು ಮರಗಳಿಗೆ ಹಾಕುವಂತೆ ಒಂದೊಂದು ಅಂಕೆ ಇರುತ್ತದೆ. ಯಾವ ಅಂಕೆಯ ವಸ್ತು ಎಲ್ಲಿದೆ ಎಂಬ ಸೂಚಿ ಸಾಮಾನ್ಯವಾಗಿ ಕಡತದ ತುದಿಯಲ್ಲಿರುತ್ತದೆ. ಕಂಪ್ಯೂಟರು ಓದತೊಡಗುವುದೇ ಆ ಕೊನೆಯಿಂದ. ಇಬ್ಬರ ತೋಟವನ್ನು ಬೇಲಿ ಕಿತ್ತು ಒಂದು ಮಾಡಿದರೆ 1ನೇ ನಂಬರಿನ ಮರ ಎರಡಾಗುತ್ತವೆ, 2ನೇ ನಂಬರಿನದೂ ಎರಡಾಗುತ್ತವೆ. ಮತ್ತೆ ಮೊದಲಿಂದ ನಂಬರು ಹಾಕಿ ಹೊಸ ಪಟ್ಟಿ ಬರೆಯಬೇಕು. ಜೋಡಿಸುವ ತಂತ್ರಾಂಶ ಮಾಡುವುದು ಇಷ್ಟೇ ಕೆಲಸ. ಇದಕ್ಕೆ ದೊಡ್ಡ ಯಂತ್ರವೇನೂ ಬೇಡ. ನಿಮ್ಮ ಮಗ ಕಾಲೇಜಿಗೆಂದು ಕೊಂಡ ಹಳೆಯ ಲ್ಯಾಪ್‌ಟಾಪು ಇದನ್ನು ಕ್ಷಣದಲ್ಲಿ ಮಾಡುತ್ತದೆ. ಹೀಗಿರುವಾಗ ಕಾಗದವನ್ನು ಹೊರಗೆ ಕಳಿಸುವ ಅಗತ್ಯವಾದರೂ ಏನಿತ್ತು ಎಂಬುದೇ ನನ್ನ ಪಶ್ಚಾತ್ತಾಪ.

ತಾಣಗಳಲ್ಲಿ ಎರಡು ಬಗೆ. ಒಂದನೆಯದರಲ್ಲಿ ನಿಮ್ಮ ಕಡತ ಪೂರ್ತಿಯಾಗಿ ಅವರ ಕಂಪ್ಯೂಟರಿಗೆ ಹೋಗಿ, ಅಲ್ಲಿ ಜೋಡಣೆಯಾಗಿ ಮರಳುತ್ತದೆ. ಇಂತಿಷ್ಟು ಹೊತ್ತಿನ ಮೇಲೆ ಅಳಿಸುತ್ತೇವೆ ಎಂದು ಹಲವರು ಬರೆದಿರುತ್ತಾರೆ. ಅಳಿಸುವ ಪ್ರಾಮಾಣಿಕರೂ ಇದ್ದಾರು, ಆದರೆ ಅಳಿಸಿದರೇ ಎಂದು ನೋಡಲು ನಮಗೆ ಕಣ್ಣಿಲ್ಲ. ಎರಡನೆಯ ಬಗೆಯಲ್ಲಿ ತಾಣದಿಂದ ಕೆಲಸದ ವಿಧಾನ ಮಾತ್ರ ನಮ್ಮ ಬ್ರೌಸರಿಗೆ ಇಳಿದು, ಜೋಡಣೆ ನಮ್ಮ ಯಂತ್ರದಲ್ಲೇ ನಡೆಯುತ್ತದೆ. ಹೊರನೋಟಕ್ಕೆ ಎರಡೂ ಒಂದೇ ಥರ. ಪರೀಕ್ಷೆ ಮಾಡುವ ಉಪಾಯವೊಂದಿದೆ. ತಾಣವನ್ನು ತೆರೆದ ಮೇಲೆ ಅಂತರ್ಜಾಲವನ್ನು ಕಡಿದುಬಿಡಿ. ಬಳಿಕ ಬೇಡದ ಎರಡು ಕಡತ, ಮದುವೆ ಆಮಂತ್ರಣ ಪತ್ರಿಕೆಯಂಥದ್ದು, ಹಾಕಿ ನೋಡಿ. ಜೋಡಣೆ ಆಯಿತೆಂದರೆ ಕೆಲಸ ನಿಮ್ಮಲ್ಲೇ ನಡೆಯಿತೆಂದು ತಿಳಿಯಬಹುದು. ಆದರೂ ಸಂಪರ್ಕ ಮರಳಿದ ಮೇಲೆ ಅದು ಕದ್ದು ಕಳಿಸದಂತೆ, ಆ ಕಿಟಕಿಯನ್ನು ಮುಚ್ಚಿದ ನಂತರವೇ ಜಾಲವನ್ನು ಮತ್ತೆ ಜೋಡಿಸಬೇಕು. ನನ್ನ ಮಟ್ಟಿಗೆ ಇಷ್ಟು ಅನುಮಾನ ಪಡುತ್ತ ಕೂರುವುದಕ್ಕಿಂತ ತಂತ್ರಾಂಶವನ್ನೇ ಹಾಕಿಕೊಳ್ಳುವುದು ಲೇಸು.

ಇದು ಹಳ್ಳಿಯವನ ಗಾಬರಿ ಎಂದು ಯಾರೂ ತಿಳಿಯಬೇಕಿಲ್ಲ. 2025ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಎಫ್‌ಬಿಐ ಸಂಸ್ಥೆಯ ಡೆನ್ವರ್ ಕಚೇರಿ ಇದೇ ವಿಚಾರವಾಗಿ ಜನರನ್ನು ಎಚ್ಚರಿಸಿತು. ಕಡತದ ಮಾದರಿ ಬದಲಿಸುವ, ಹಲವು ಚಿತ್ರಗಳನ್ನು ಸೇರಿಸಿ ಒಂದು ಪಿಡಿಎಫ್ ಮಾಡಿಕೊಡುವ ಉಚಿತ ತಾಣಗಳ ವೇಷದಲ್ಲಿ ವಂಚಕರಿದ್ದಾರೆ, ಕೆಲಸವನ್ನೇನೋ ಮಾಡಿಕೊಡುತ್ತಾರೆ, ಆದರೆ ಮರಳಿ ಬರುವ ಕಡತದಲ್ಲಿ ಕೇಡಿನ ತಂತ್ರಾಂಶ ಇರಬಹುದು, ಒಪ್ಪಿಸಿದ ಕಡತದಿಂದ ಹೆಸರು, ಬ್ಯಾಂಕಿನ ವಿವರ, ಪಾಸ್‌ವರ್ಡುಗಳನ್ನು ಹೆಕ್ಕಿಕೊಳ್ಳಬಹುದು ಎಂಬುದು ಆ ಎಚ್ಚರಿಕೆಯ ಸಾರ. ಮೊಬೈಲಿನ ಸ್ಕ್ಯಾನರ್ ಆ್ಯಪುಗಳ ಮಾತೂ ಅಷ್ಟೆ. ನಮ್ಮಲ್ಲಿ ಅನೇಕರು ಬಳಸುತ್ತಿದ್ದ ಕ್ಯಾಮ್‌ಸ್ಕ್ಯಾನರ್ ಅನ್ನು 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಇತರ 58 ಆ್ಯಪುಗಳ ಜೊತೆ ನಿಷೇಧಿಸಿದ್ದು ತಮಗೆ ನೆನಪಿರಬಹುದು.

ಇನ್ನು ಮನೆಯಲ್ಲೇ ಮಾಡುವ ಕ್ರಮ. ಪಿಡಿಎಫ್‌ಸ್ಯಾಮ್ ಬೇಸಿಕ್ ಎಂಬ ಉಚಿತ ತಂತ್ರಾಂಶವನ್ನು ನಮ್ಮ ಕಚೇರಿಯಲ್ಲಿ ಹಾಕಿದ್ದೇವೆ. ಅದನ್ನು ಅದರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಬೇಕು, ಸಿಕ್ಕ ಸಿಕ್ಕ ಕಡೆಯಿಂದಲ್ಲ. ಒಮ್ಮೆ ಇಳಿಸಿಕೊಂಡ ಮೇಲೆ ಜೋಡಣೆಗೆ ಜಾಲ ಬೇಕಿಲ್ಲ. ತೆರೆದು ‘ಮರ್ಜ್’ ಎಂಬುದನ್ನು ಒತ್ತಿ, ಕಡತಗಳನ್ನು ಒಳಗೆ ಎಳೆದು ಹಾಕಿ, ಮೇಲೆ ಕೆಳಗೆ ಸರಿಸಿ ಕ್ರಮ ಸರಿಮಾಡಿಕೊಂಡು, ಉಳಿಸುವ ಜಾಗ ತೋರಿಸಿ ‘ರನ್’ ಒತ್ತಿದರೆ ಮುಗಿಯಿತು. ಇದರ ಕೊರತೆಯೆಂದರೆ ಪುಟದ ಚಿತ್ರ ಕಾಣುವುದಿಲ್ಲ, ಕಡತದ ಹೆಸರಷ್ಟೇ ಕಾಣುತ್ತದೆ. ಪುಟಗಳನ್ನು ಕಣ್ಣಿಂದ ನೋಡುತ್ತ ಇಸ್ಪೀಟಿನ ಎಲೆ ಜೋಡಿಸಿದಂತೆ ಜೋಡಿಸಬೇಕೆನ್ನುವವರಿಗೆ ಪಿಡಿಎಫ್ ಅರೇಂಜರ್ ಎಂಬುದು ಹೆಚ್ಚು ಅನುಕೂಲ. ನನಗಂತೂ ಅದೇ ಹಿಡಿಸಿದೆ. ತಲೆಕೆಳಗಾದ ಪಹಣಿಯನ್ನು ಅಲ್ಲೇ ತಿರುಗಿಸಬಹುದು, ಖಾಲಿ ಪುಟವನ್ನು ಅಲ್ಲೇ ಕಿತ್ತುಹಾಕಬಹುದು. ಆ್ಯಪಲ್ ಕಂಪನಿಯ ಕಂಪ್ಯೂಟರು ಇರುವವರಿಗೆ ಯಾವುದೂ ಬೇಡ, ಅದರೊಳಗಿನ ಪ್ರಿವ್ಯೂ ಇದೇ ಕೆಲಸ ಮಾಡುತ್ತದೆ.

ಬರಿಯ ಫೋಟೋಗಳಾದರೆ ಹೊಸದಾಗಿ ಏನನ್ನೂ ಹಾಕಿಕೊಳ್ಳಬೇಕಿಲ್ಲ. ವಿಂಡೋಸ್ 10 ಮತ್ತು ಅದರ ನಂತರದ ವಿಂಡೋಸ್‌ನಲ್ಲಿ ‘ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್’ ಎಂಬ ಕಾಗದವಿಲ್ಲದ ಪ್ರಿಂಟರು ಇದ್ದೇ ಇರುತ್ತದೆ. ಫೋಟೋಗಳನ್ನೆಲ್ಲ ಒಟ್ಟಿಗೆ ಆರಿಸಿ, ಬಲಗುಂಡಿ ಒತ್ತಿ, ‘ಪ್ರಿಂಟ್’ ಎಂದು, ಈ ಪ್ರಿಂಟರನ್ನು ಆರಿಸಿದರೆ ಎಲ್ಲವೂ ಒಂದೇ ಕಡತವಾಗುತ್ತವೆ. ‘ಫಿಟ್ ಪಿಕ್ಚರ್ ಟು ಫ್ರೇಮ್’ ಎಂಬ ಚೌಕದ ಗುರುತನ್ನು ಮಾತ್ರ ತೆಗೆಯಲು ಮರೆಯಬೇಡಿ. ಇಲ್ಲದಿದ್ದರೆ ಅಂಚು ಕತ್ತರಿಸಿ ಹೋಗುತ್ತದೆ. ನಾನು ಕಲಿಯುವಾಗ ಒಬ್ಬರ ಪಾಸ್‌ಬುಕ್ಕಿನ ಖಾತೆ ಸಂಖ್ಯೆಯ ಕೊನೆಯ ಎರಡು ಅಂಕಿಯನ್ನು ಹೀಗೇ ಕಳೆದಿದ್ದೆ.

ಗಾತ್ರದ ವಿಷಯದಲ್ಲಿ ಹೆಚ್ಚಿನವರು ತಪ್ಪುವುದು ಇಲ್ಲಿ: ಜೋಡಿಸಿದರೆ ಗಾತ್ರ ಇಳಿಯುವುದಿಲ್ಲ, ಎಲ್ಲದರ ಮೊತ್ತವೇ ಆಗುತ್ತದೆ. ಆಗ ‘ಕಂಪ್ರೆಸ್’ ಮಾಡಿಕೊಡುವ ಇನ್ನೊಂದು ತಾಣಕ್ಕೆ ಓಡುತ್ತಾರೆ. ಅಲ್ಲಿಗೆ ಕಾಗದ ಎರಡನೇ ಸಲ ಊರು ಬಿಟ್ಟಿತು. ಕೊಯ್ಲಿನಲ್ಲೇ ಹಣ್ಣು ಹಸಿರು ಬೇರೆ ಮಾಡಿದರೆ ಕಣದಲ್ಲಿ ಕೆಲಸ ಕಡಿಮೆ ಎಂಬುದು ಕಾಫಿಯವರಿಗೆ ಹೇಳಿಕೊಡಬೇಕಿಲ್ಲ. ಇಲ್ಲೂ ಅದೇ ಲೆಕ್ಕ. ಎ4 ಕಾಗದವನ್ನು ಇಂಚಿಗೆ 300 ಚುಕ್ಕಿಯಂತೆ ಸ್ಕ್ಯಾನ್ ಮಾಡಿದರೆ ಪುಟಕ್ಕೆ ಸುಮಾರು 87 ಲಕ್ಷ ಚುಕ್ಕಿ, 150ರಂತೆ ಮಾಡಿದರೆ ಸುಮಾರು 22 ಲಕ್ಷ. ಅರ್ಧಕ್ಕೆ ಇಳಿಸಿದರೆ ಚುಕ್ಕಿ ಕಾಲು ಭಾಗಕ್ಕೆ ಇಳಿಯುತ್ತದೆ. ಬಣ್ಣ ಬೇಕಿಲ್ಲದ ಕಾಗದವನ್ನು ಬೂದು ಛಾಯೆಯಲ್ಲಿ ತೆಗೆದರೆ ಇನ್ನೂ ಹಗುರ. ಪಹಣಿಯ ಸಣ್ಣ ಅಕ್ಷರಕ್ಕೆ 150 ಸಾಲದೆ ಹೋದರೆ 200 ಇಟ್ಟುಕೊಳ್ಳಿ. ಸ್ಕ್ಯಾನ್ ಆದಮೇಲೆ ಇಳಿಸಲೇಬೇಕೆಂದರೆ ಲಿಬ್ರೆ ಆಫೀಸ್ ಡ್ರಾ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದು, ಚಿತ್ರದ ಗುಣಮಟ್ಟ ತಗ್ಗಿಸಿ ಮತ್ತೆ ಪಿಡಿಎಫ್ ಮಾಡಬಹುದು. ಇದು ಸ್ಕ್ಯಾನ್ ಮಾಡಿದ ಪುಟಕ್ಕೆ ಸರಿ. ಕನ್ನಡ ಅಕ್ಷರಗಳೇ ಇರುವ ಕಡತವನ್ನು ಅಲ್ಲಿ ತೆರೆದರೆ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುವುದುಂಟು.

ಆಧಾರ್ ವಿಚಾರ ಸ್ವಲ್ಪ ವಿವರವಾಗಿ ಹೇಳಬೇಕು. ಜಾಲದಿಂದ ಇಳಿಸಿಕೊಂಡ ಇ-ಆಧಾರ್ ಕಡತಕ್ಕೆ ಬೀಗ ಇರುತ್ತದೆ. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ಮತ್ತು ಹುಟ್ಟಿದ ಇಸವಿ ಅದರ ಕೀಲಿ. ಬೀಗ ತೆಗೆಯದೆ ಯಾವ ತಂತ್ರಾಂಶವೂ ಅದನ್ನು ಬೇರೆಯದರ ಜೊತೆ ಜೋಡಿಸಲಾರದು. ಆದ್ದರಿಂದ ತಾಣಕ್ಕೆ ಒಪ್ಪಿಸುವವರು ಪೆಟ್ಟಿಗೆಯ ಜೊತೆಗೆ ಕೀಲಿಯನ್ನೂ ಒಪ್ಪಿಸುತ್ತಾರೆ. ಮನೆಯಲ್ಲಿ ಜೋಡಿಸಿದಾಗಲೂ ಹೊಸ ಕಡತಕ್ಕೆ ನಾವೇ ಬೀಗ ಹಾಕದಿದ್ದರೆ ಅದು ಬಾಗಿಲು ತೆರೆದ ಮನೆಯಂತೆಯೇ ಇರುತ್ತದೆ ಎಂಬುದು ಗಮನದಲ್ಲಿರಲಿ. 12 ಅಂಕಿಯೂ ಬೇಕೆಂದು ಕೇಳದ ಕಡೆಗೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ‘ಮಾಸ್ಕ್’ ಮಾಡಿದ ಆಧಾರ್ ಕೊಟ್ಟರೆ ಸಾಕು. ಇಳಿಸಿಕೊಳ್ಳುವಾಗಲೇ ಅದನ್ನು ಆರಿಸಬಹುದು.

ಇನ್ನೊಂದು. ಇ-ಆಧಾರ್‌ನಂಥ ಕಡತಗಳಲ್ಲಿ ಡಿಜಿಟಲ್ ಸಹಿ ಇರುತ್ತದೆ. ಆ ಸಹಿ ಇಡೀ ಕಡತಕ್ಕೆ ಹಾಕಿದ ಅರಗಿನ ಮುದ್ರೆ ಇದ್ದಂತೆ. ಬೇರೊಂದರ ಜೊತೆ ಜೋಡಿಸಿದೊಡನೆ ಕಡತವೇ ಹೊಸದಾಗುವುದರಿಂದ ಮುದ್ರೆ ಒಡೆಯುತ್ತದೆ. ಕಣ್ಣಿಗೆ ಸಹಿಯ ಗುರುತು ಕಂಡರೂ ಅದನ್ನು ಪರಿಶೀಲಿಸಲಾಗದು. ಆದ್ದರಿಂದ ಮೂಲ ಕಡತವನ್ನು ಅಳಿಸದೆ ಬೇರೆಯಾಗಿ ಇಟ್ಟುಕೊಳ್ಳಿ. ಸಹಿ ಪರಿಶೀಲಿಸುವವರು ಕೇಳಿದರೆ ಮೂಲವನ್ನೇ ಕೊಡಬೇಕಾಗುತ್ತದೆ.

ಕೆಲವರು ಬೇಡದ ಸಾಲಿನ ಮೇಲೆ ಕಪ್ಪು ಪಟ್ಟಿ ಎಳೆದು ಮುಚ್ಚಿದೆವೆಂದು ನೆಮ್ಮದಿಯಾಗಿರುತ್ತಾರೆ. ಅಮೆರಿಕದಲ್ಲಿ 2019ರ ಜನವರಿಯಲ್ಲಿ ಪಾಲ್ ಮ್ಯಾನಫೋರ್ಟ್ ಪ್ರಕರಣದ ವಕೀಲರು ಹೀಗೆಯೇ ಕಪ್ಪು ಬಳಿದ ಪಿಡಿಎಫ್ ಒಂದನ್ನು ನ್ಯಾಯಾಲಯಕ್ಕೆ ಕೊಟ್ಟರು. ಪತ್ರಕರ್ತರು ಆ ಭಾಗವನ್ನು ನಕಲು ಮಾಡಿ ಬೇರೆ ಕಡೆ ಅಂಟಿಸಿದರೆ ಅಡಿಯ ಅಕ್ಷರಗಳೆಲ್ಲ ಹಾಗೇ ಇದ್ದವು. ಮುಚ್ಚಬೇಕಾದರೆ ಕಾಗದದ ಮೇಲೆಯೇ ದಪ್ಪ ಕಾಗದದ ತುಂಡು ಇಟ್ಟು ಸ್ಕ್ಯಾನ್ ಮಾಡಿ. ಹಳೆಯ ಪದ್ಧತಿ, ಆದರೆ ಸೋರುವುದಿಲ್ಲ.

ಪೇಟೆಯ ಅಂಗಡಿಯಲ್ಲಿ ಮಾಡಿಸಲೇಬೇಕಾದ ಸಂದರ್ಭ ಬರುತ್ತದೆ, ಇಲ್ಲವೆನ್ನುವುದಿಲ್ಲ. 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಒಂದು ಪ್ರಕಟಣೆ ಹೊರಡಿಸಿ, ಆಧಾರ್ ಪ್ರತಿಯನ್ನು ಕಂಡಕಂಡವರಿಗೆ ಕೊಡಬೇಡಿ, ಸಾರ್ವಜನಿಕ ಕಂಪ್ಯೂಟರಿನಲ್ಲಿ ಇಳಿಸಬೇಡಿ, ಇಳಿಸಿದರೆ ಎಲ್ಲಾ ಪ್ರತಿಗಳನ್ನೂ ಅಳಿಸಿ ಎಂದಿತ್ತು. ಗಲಿಬಿಲಿಯಾದೀತೆಂದು ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಪ್ರಕಟಣೆ ಹೋಯಿತು, ಅಂಗಡಿಯ ಕಂಪ್ಯೂಟರಿನಲ್ಲಿ ನಿಮ್ಮ ಕಡತ ಉಳಿಯುವುದೇನೂ ನಿಂತಿಲ್ಲ. ಡೌನ್‌ಲೋಡ್ಸ್, ಡೆಸ್ಕ್‌ಟಾಪ್, ರಿಸೈಕಲ್ ಬಿನ್ ಈ ಮೂರನ್ನೂ ಎದುರು ನಿಂತು ಖಾಲಿ ಮಾಡಿಸಿ. ವಾಟ್ಸಾಪ್ ಅಥವಾ ಇ-ಮೇಲ್ ತೆರೆದಿದ್ದರೆ ಅದನ್ನೂ ಮುಚ್ಚಿಸಿ. ಅಂಗಡಿಯವನು ಮುಖ ಸಿಂಡರಿಸಿಕೊಂಡರೆ ಸಿಂಡರಿಸಿಕೊಳ್ಳಲಿ.

‘ನನಗಿರುವುದು ಎರಡೆಕರೆ ಅಡಿಕೆ, ಅರ್ಧ ಎಕರೆ ಕಾಫಿ. ಮುಚ್ಚಿಡುವಂಥ ಗುಟ್ಟು ಏನಿದೆ?’ ಎಂದು ಸದಸ್ಯರೊಬ್ಬರು ಸಭೆಯಲ್ಲಿ ಕೇಳಿದರು. ಗುಟ್ಟಿನ ಪ್ರಶ್ನೆ ಅಲ್ಲ. ಯಾರ ಮನೆಯಲ್ಲಿ ಎಷ್ಟು ಸಾಲ, ಜಾಮೀನು ಯಾರದ್ದು, ಯಾವ ಸರ್ವೆ ನಂಬರಿನ ಮೇಲೆ ತಕರಾರು ಇದೆ ಎಂಬುದು ವ್ಯಾಪಾರಿಗೆ ಗೊತ್ತಾದರೆ ಅವನು ಧಾರಣೆ ಹೇಳುವ ದನಿಯೇ ಬೇರೆಯಾಗುತ್ತದೆ ಎಂಬುದನ್ನು ನಾವೆಲ್ಲ ಕಂಡವರೇ. ಖಾಸಗಿತನ ಮೂಲಭೂತ ಹಕ್ಕು ಎಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠ 2017ರ ಆಗಸ್ಟ್ 24ರಂದು ಹೇಳಿತಲ್ಲ, ಆ ದಾವೆಗೆ ಹೆಸರು ಕೊಟ್ಟವರು ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2012ರಲ್ಲಿ ಅರ್ಜಿ ಹಾಕುವಾಗ ಅವರಿಗೆ 86 ವಯಸ್ಸು. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆಯೂ ಬಂದಿದೆ, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತ ಹಂತವಾಗಿ ಜಾರಿಗೆ ಬರುತ್ತಿವೆ. ನಮ್ಮಂಥ ಸಂಘಗಳೂ ಸದಸ್ಯರ ವಿವರಕ್ಕೆ ಜವಾಬ್ದಾರರೇ. ಕಾನೂನು ಬರುವ ಮೊದಲೂ ಆಗಿದ್ದೆವು, ನಾನೇ ಮರೆತಿದ್ದೆ.

ಈಗ ಕಚೇರಿಯಲ್ಲಿ ಮಾಡಿರುವ ಏರ್ಪಾಡು ಹೀಗಿದೆ. ವಿಂಡೋಸ್ 10ಕ್ಕೆ ಉಚಿತ ಭದ್ರತಾ ನೆರವು 2025ರ ಅಕ್ಟೋಬರ್ 14ಕ್ಕೆ ನಿಂತದ್ದರಿಂದ ನಮ್ಮ ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವುದೆಂದಿತ್ತು. ಅದರ ಜಾಲದ ತಂತಿಯನ್ನು ಕಿತ್ತು, ಸ್ಕ್ಯಾನರನ್ನು ಅದಕ್ಕೇ ಜೋಡಿಸಿ, ಕಾಗದ ಜೋಡಿಸುವ ಕೆಲಸಕ್ಕೆ ಮಾತ್ರ ಮೀಸಲಿಟ್ಟಿದ್ದೇವೆ. ಹೊರಗಿನ ಪೆನ್‌ಡ್ರೈವ್‌ಗೆ ಅದರಲ್ಲಿ ಅವಕಾಶವಿಲ್ಲ, ಸಂಘದ್ದೇ ಒಂದು ಇದೆ, ಅದು ಕಪಾಟಿನೊಳಗೆ ಇರುತ್ತದೆ. ಮಂಗಳವಾರ ಮತ್ತು ಶುಕ್ರವಾರ ಹತ್ತೂವರೆಯಿಂದ ಒಂದು ಗಂಟೆಯ ತನಕ ಸದಸ್ಯರು ಬಂದು ತಾವೇ ಎದುರು ಕೂತು ಮಾಡಿಸಿಕೊಳ್ಳಬಹುದು. ಶುಲ್ಕವಿಲ್ಲ. ಕಡತ ಸಲ್ಲಿಕೆಯಾಗಿ ರಸೀದಿ ಬಂದ ಮೇಲೆ ಯಂತ್ರದಲ್ಲಿರುವ ಪ್ರತಿಯನ್ನು ಅಳಿಸಿ, ರಿಜಿಸ್ಟರಿನಲ್ಲಿ ದಿನಾಂಕ ಬರೆದು ಇಬ್ಬರ ಸಹಿ ಹಾಕಲಾಗುತ್ತದೆ. ಮಕ್ಕಳು ಬೆಂಗಳೂರಿನಲ್ಲಿ ಇದ್ದು ಮನೆಯಲ್ಲಿ ಕಂಪ್ಯೂಟರು ಸುಮ್ಮನೆ ಕೂತಿರುವವರು ಹೇಳಿ ಕಳಿಸಿದರೆ, ನಮ್ಮ ಗುಮಾಸ್ತೆಯೇ ಬಂದು ತಂತ್ರಾಂಶ ಹಾಕಿ ತೋರಿಸಿಕೊಡುತ್ತಾರೆ. ಅವರಿಗೆ ದಾರಿಯಲ್ಲಿ ನಾಯಿ ಕಟ್ಟಿಹಾಕುವ ಉಪಕಾರ ಮಾಡಬೇಕು.

ಆ ದಿನದ 37 ಸದಸ್ಯರಿಗೂ ಆದದ್ದನ್ನು ತಿಳಿಸಿ ಮುಚ್ಚಿದ ಲಕೋಟೆಯಲ್ಲಿ ಪತ್ರ ಕಳಿಸಿದ್ದೇನೆ. ಬ್ಯಾಂಕಿನ ಹೆಸರಿನಲ್ಲಿ ಕರೆ ಬಂದರೆ ಏನೂ ಹೇಳದೆ ಫೋನು ಇಟ್ಟು ಮೊದಲು ಕಚೇರಿಗೆ ತಿಳಿಸುವಂತೆಯೂ, ಹಣ ಹೋಗಿಯೇಬಿಟ್ಟರೆ ತಡಮಾಡದೆ 1930ಕ್ಕೆ ಕರೆ ಮಾಡುವಂತೆಯೂ ಅದರಲ್ಲಿ ಬರೆದಿದೆ. 33 ಮಂದಿಯಿಂದ ಸ್ವೀಕೃತಿ ಬಂದಿದೆ. ಉಳಿದ ನಾಲ್ವರ ಹೆಸರನ್ನು ಇಲ್ಲಿ ಹಾಕುವುದಿಲ್ಲ. ಕಳೆದ ಸಾಲಿನಲ್ಲಿ ಸಾಲ ನವೀಕರಿಸಿ, ಪತ್ರ ತಲುಪಿಲ್ಲವೆನ್ನುವವರು ದಯವಿಟ್ಟು ನನ್ನನ್ನು ಖುದ್ದಾಗಿ ಕಾಣಬೇಕು.